ಜಾತಿ, ಧರ್ಮ ನೋಡಿ ಗಿರಾಕಿಯನ್ನು ವಾಪಸ್ ಕಳಿಸಿದರೆ ಕಾನೂನು ಏನನ್ನುತ್ತದೆ?

ಅಂಗಡಿ, ಹೋಟೆಲ್, ಕಲ್ಯಾಣ ಮಂಟಪಗಳಲ್ಲಿ ನಡೆಯುವ ತಾರತಮ್ಯದ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕೇಳಿದವರ ಹೆಸರು ಕೊಟ್ಟಿಲ್ಲ.

ಪ್ರಶ್ನೆ: ನಮ್ಮೂರಲ್ಲಿ ಎರಡು ಕಟಿಂಗ್ ಶಾಪ್ ಇವೆ. ನಮ್ಮ ಕೇರಿ ಹುಡುಗರು ಹೋದರೆ ‘ಕರೆಂಟ್ ಇಲ್ಲ’, ‘ಇವತ್ತು ಬಿಡುವಿಲ್ಲ’ ಅಂತಾರೆ. ಒಬ್ಬರಂತೂ ‘ರಾತ್ರಿ ಬಾಗಿಲು ಹಾಕಿದ ಮೇಲೆ ಬಾ, ಮಾಡಿಕೊಡ್ತೀನಿ’ ಅಂದರು. ಜಾತಿ ಹೆಸರನ್ನು ಯಾರೂ ಬಾಯಿಬಿಟ್ಟು ಎತ್ತಿಲ್ಲ. ಹೀಗಿದ್ದರೂ ಕೇಸ್ ನಿಲ್ಲುತ್ತದಾ? (ಚಳ್ಳಕೆರೆ ತಾಲ್ಲೂಕು)

ಉತ್ತರ: ನಿಲ್ಲುತ್ತದೆ. ‘ರಾತ್ರಿ ಬಾ’ ಅಂದ ಆ ಮಾತೇ ನಿಮ್ಮ ಕೇಸಿನ ಜೀವಾಳ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಕಲಂ ಓದಿ ನೋಡಿ. ಉಳಿದ ಗಿರಾಕಿಗಳಿಗೆ ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಯಾವ ಷರತ್ತಿನ ಮೇಲೆ ಕೆಲಸ ಮಾಡಿಕೊಡುತ್ತಾರೋ ಅದೇ ಹೊತ್ತು, ಅದೇ ಜಾಗ, ಅದೇ ಷರತ್ತಿನಲ್ಲಿ ನಿಮಗೂ ಮಾಡಿಕೊಡಬೇಕು. ಅಸ್ಪೃಶ್ಯತೆಯ ಕಾರಣಕ್ಕೆ ಇದನ್ನು ನಿರಾಕರಿಸಿದರೆ 1ರಿಂದ 6 ತಿಂಗಳು ಜೈಲು ಮತ್ತು ದಂಡ. ಕದ್ದುಮುಚ್ಚಿ ಮಾಡಿಕೊಡುತ್ತೇನೆ, ಮನೆಗೇ ಬಂದು ಮಾಡುತ್ತೇನೆ ಅನ್ನುವುದೂ ನಿರಾಕರಣೆಯೇ.

ಜಾತಿ ಹೆಸರು ಎತ್ತಿಲ್ಲ ಎಂಬ ಆತಂಕ ಬೇಡ. ಇದೇ ಕಾಯ್ದೆಯ 12ನೇ ಕಲಂ ಪ್ರಕಾರ, ನೊಂದವರು ಪರಿಶಿಷ್ಟ ಜಾತಿಯವರಾಗಿದ್ದರೆ ಆ ಕೃತ್ಯ ಅಸ್ಪೃಶ್ಯತೆಯ ಕಾರಣಕ್ಕೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಿಕೊಳ್ಳಬೇಕು. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಆರೋಪಿಯದು.

ಇದರ ಜೊತೆಗೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಇನ್ನೂ ಬಿಗಿಯಾಗಿದೆ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸೇರಿದ 3(1)(ಝಡ್‌ಎ) ಕಲಂ, ಪರಿಶಿಷ್ಟರನ್ನು ಅಂಗಡಿಗೆ ಅಥವಾ ಸಾರ್ವಜನಿಕ ಜಾಗಕ್ಕೆ ಬರದಂತೆ ತಡೆಯುವುದನ್ನು ಅಪರಾಧ ಮಾಡಿದೆ. ಶಿಕ್ಷೆ 6 ತಿಂಗಳಿಂದ 5 ವರ್ಷ. ಆದರೆ ಈ ಕಾಯ್ದೆ ಅನ್ವಯಿಸಬೇಕಾದರೆ ಆರೋಪಿ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿರಬಾರದು. ಚಿತ್ರದುರ್ಗ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರು ದೊಡ್ಡ ಸಂಖ್ಯೆಯಲ್ಲಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಅಂಗಡಿಯವರು ಆ ಪಂಗಡದವರಾಗಿದ್ದರೆ 1989ರ ಕಾಯ್ದೆ ಬಿದ್ದುಹೋಗುತ್ತದೆ, 1955ರದ್ದು ಉಳಿಯುತ್ತದೆ. ಹಾಗಾಗಿ ದೂರಿನಲ್ಲಿ ಎರಡೂ ಕಾಯ್ದೆಗಳ ಹೆಸರು ಬರೆಯಿರಿ. ಒಂದನ್ನೇ ನೆಚ್ಚಿ ದೂರು ಕೊಟ್ಟು, ಕೊನೆಗೆ ಆರೋಪಿಯ ಜಾತಿ ಪ್ರಮಾಣಪತ್ರ ಎದುರಿಗೆ ಬಂದಾಗ ಕೇಸ್ ಕೈಬಿಟ್ಟುಹೋಗುವುದುಂಟು.

ದೂರಿನ ಒಕ್ಕಣೆ ಹೀಗಿರಲಿ: ಯಾವ ದಿನಾಂಕ, ಎಷ್ಟು ಗಂಟೆ, ಕುರ್ಚಿಯಲ್ಲಿ ಯಾರಿದ್ದರು, ಬೆಂಚಿನ ಮೇಲೆ ಯಾರು ಕಾಯುತ್ತಿದ್ದರು, ಅಂಗಡಿಯವರು ಆಡಿದ ಮಾತು ಆಡಿದ ಹಾಗೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮನ್ನು ಕಳಿಸಿದ ಮೇಲೆ ಬಂದವರಿಗೆ ಕಟಿಂಗ್ ಮಾಡಿದರೇ? ಕರೆಂಟ್ ಇಲ್ಲ ಎಂಬ ನೆಪ ಮುರಿದುಬೀಳುವುದು ಅಲ್ಲಿಯೇ. ‘ನಮಗೆ ಅವಮಾನವಾಗಿದೆ, ನ್ಯಾಯ ಕೊಡಿಸಿ’ ಎಂದಷ್ಟೇ ಬರೆದ ದೂರು ತನಿಖೆಯಲ್ಲಿ ಸೋಲುತ್ತದೆ. ಆರ್‌ಡಿ ಸಂಖ್ಯೆ ಇರುವ ಜಾತಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ವಿಡಿಯೊ ಇದ್ದರೆ ತೆಗೆದ ಫೋನಿನಲ್ಲೇ ಮೂಲ ಫೈಲ್ ಉಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ದಿನಾಂಕದ ವಿವರವೂ ಕಳೆದುಹೋಗುತ್ತದೆ. ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರವೂ ಬೇಕು.

‘ಮೊದಲು ವಿಚಾರಣೆ ಮಾಡ್ತೀವಿ, ಆಮೇಲೆ ಎಫ್‌ಐಆರ್’ ಎಂದು ಠಾಣೆಯಲ್ಲಿ ಹೇಳಿದರೆ 1989ರ ಕಾಯ್ದೆಯ 18ಎ ಕಲಂ ತೋರಿಸಿ. ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು ಅದರಲ್ಲೇ ಇದೆ. ತನಿಖೆ ಮಾಡುವವರು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು. ಎಫ್‌ಐಆರ್ ಪ್ರತಿ ಉಚಿತ. ದೂರನ್ನೇ ತೆಗೆದುಕೊಳ್ಳದಿದ್ದರೆ ಅದನ್ನು ಎಸ್‌ಪಿ ಅವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ. ದೌರ್ಜನ್ಯ ತಡೆ ಸಹಾಯವಾಣಿ 14566. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗೂ ಒಂದು ಪ್ರತಿ ಹೋಗಲಿ. ಪರಿಶಿಷ್ಟರಿಗೆ ವರಮಾನ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆಯಾಗಿ ಸಿಗುತ್ತಾರೆ. ಅದಕ್ಕೆ 15100ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಎಷ್ಟೋ ಊರಲ್ಲಿ ಕತ್ತರಿ ಹಿಡಿದವರೇ ಹೆದರಿಕೊಂಡಿರುತ್ತಾರೆ. ‘ಅವರಿಗೆ ಮಾಡಿದರೆ ನಾವು ಬರಲ್ಲ’ ಎಂದು ಬೆದರಿಸಿದ ಯಜಮಾನರು ಹಿಂದೆ ಇರುತ್ತಾರೆ. ಅಸ್ಪೃಶ್ಯತೆ ಆಚರಿಸುವಂತೆ ಪ್ರಚೋದಿಸುವುದೂ 1955ರ ಕಾಯ್ದೆಯ 7ನೇ ಕಲಂ ಪ್ರಕಾರ ಅಪರಾಧ. ಅಂಥವರು ಯಾರೆಂದು ಗೊತ್ತಿದ್ದರೆ ಅವರ ಹೆಸರನ್ನು ದೂರಿನಲ್ಲಿ ಬಿಡಬೇಡಿ. ದಿನಕ್ಕೆ ನಾಲ್ಕು ಕಾಸು ದುಡಿಯುವವರೊಬ್ಬರೇ ಕಟಕಟೆ ಹತ್ತಿ, ಹೇಳಿ ಮಾಡಿಸಿದವರು ಹೊರಗೆ ಉಳಿದರೆ ಅದು ನ್ಯಾಯವಲ್ಲ.

ಪ್ರಶ್ನೆ: ಮಗಳ ನಿಶ್ಚಿತಾರ್ಥಕ್ಕೆ ಹಾಲ್ ನೋಡಿ ₹25,000 ಅಡ್ವಾನ್ಸ್ ಕಟ್ಟಿದೆವು. ಆಧಾರ್ ಕೊಟ್ಟ ಮೇಲೆ ಮ್ಯಾನೇಜರ್ ಫೋನ್ ಮಾಡಿ ‘ನೀವು ಮುಸ್ಲಿಮರಂತ ಗೊತ್ತಿರಲಿಲ್ಲ, ಮಾಲೀಕರು ಬೇಡ ಅಂತಾರೆ’ ಎಂದು ದುಡ್ಡು ವಾಪಸ್ ಹಾಕಿದರು. ಪೊಲೀಸರು ‘ಇದರಲ್ಲಿ ಕೇಸ್ ಆಗಲ್ಲ’ ಅಂದರು. ಹೌದಾ? (ದಾವಣಗೆರೆ)

ಉತ್ತರ: ಪೊಲೀಸರು ಹೇಳಿದ್ದು ಅರ್ಧ ನಿಜ. ನೋವಿನ ಸಂಗತಿಯೆಂದರೆ, ಜಾತಿಯ ವಿಷಯದಲ್ಲಿ ಇರುವಂಥ ದಂಡನೆಯ ಕಾಯ್ದೆ ಧರ್ಮದ ವಿಷಯದಲ್ಲಿ ನಮ್ಮಲ್ಲಿಲ್ಲ. ಸಂವಿಧಾನದ ವಿಧಿ 15(2) ಮಾತ್ರ ಸ್ಪಷ್ಟವಾಗಿದೆ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕಾಗಿಯೇ ಯಾವ ನಾಗರಿಕರಿಗೂ ಅಂಗಡಿ, ಹೋಟೆಲ್, ಸಾರ್ವಜನಿಕ ಮನರಂಜನಾ ಸ್ಥಳಗಳ ಪ್ರವೇಶಕ್ಕೆ ಅಡ್ಡಿ ಮಾಡಬಾರದು. ಈ ಮಾತು ಸರ್ಕಾರಕ್ಕಷ್ಟೇ ಅಲ್ಲ, ಖಾಸಗಿಯವರಿಗೂ ಅನ್ವಯ. ಇಲ್ಲಿ ಅಂಗಡಿ ಎಂದರೆ ಸೇವೆ ಒದಗಿಸುವ ಯಾರೇ ಆಗಬಹುದು ಎಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ವಿವರಿಸಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹಿಡಿದು ಖಾಸಗಿ ಕಾಲೇಜುಗಳನ್ನೂ ಈ ವ್ಯಾಪ್ತಿಗೆ ತಂದಿತು. ಹಕ್ಕಿದೆ, ಆದರೆ ಮುರಿದವರಿಗೆ ಜೈಲು ಎನ್ನುವ ಕಲಂ ಇಲ್ಲ. ಆದ್ದರಿಂದ ನಿಮ್ಮ ದಾರಿ ಠಾಣೆಯಲ್ಲ, ಜಿಲ್ಲಾ ಗ್ರಾಹಕ ಆಯೋಗ.

ನೀವು ಅಡ್ವಾನ್ಸ್ ಕಟ್ಟಿದ್ದು ಇಲ್ಲಿ ಕೈಹಿಡಿಯುತ್ತದೆ. ಹಣ ಕೊಟ್ಟಾಗಲೇ ನೀವು ಗ್ರಾಹಕರಾದಿರಿ. ಕಾರಣವಿಲ್ಲದೆ ಬುಕಿಂಗ್ ರದ್ದು ಮಾಡಿದ್ದು ಸೇವಾ ನ್ಯೂನತೆ. ಬಾಗಿಲಲ್ಲೇ ‘ಇಲ್ಲ’ ಅಂದಿದ್ದರೆ, ಒಂದು ರೂಪಾಯಿಯೂ ಕೈ ಬದಲಾಗಿಲ್ಲ ಎಂಬ ಕಾರಣಕ್ಕೆ ಈ ದಾರಿ ಕಷ್ಟವಾಗುತ್ತಿತ್ತು. ಹಣ ವಾಪಸ್ ಬಂದ ಕೂಡಲೇ ಮ್ಯಾನೇಜರ್‌ಗೆ ಒಂದು ಮೆಸೇಜ್ ಕಳಿಸಬೇಕು: ‘₹25,000 ಬಂದಿದೆ. ರದ್ದು ಮಾಡಿದ್ದಕ್ಕೆ ನಮ್ಮ ಒಪ್ಪಿಗೆ ಇಲ್ಲ. ನಾವು ಮುಸ್ಲಿಮರೆಂಬ ಕಾರಣಕ್ಕೆ ರದ್ದು ಮಾಡಿರುವುದಾಗಿ ಇಂಥ ದಿನ ಇಷ್ಟು ಗಂಟೆಗೆ ಫೋನಿನಲ್ಲಿ ತಿಳಿಸಿದ್ದೀರಿ.’ ಇನ್ನೂ ಕಳಿಸಿಲ್ಲವಾದರೆ ಇಂದೇ ಕಳಿಸಿ. ಸುಮ್ಮನಿದ್ದರೆ ‘ಪರಸ್ಪರ ಒಪ್ಪಿ ರದ್ದಾಯಿತು’ ಎಂಬ ವಾದ ಬರುತ್ತದೆ. ‘ಆ ದಿನ ಬೇರೆ ಬುಕಿಂಗ್ ಇತ್ತು’ ಎಂಬುದು ಎರಡನೇ ವಾದ. ಅದಕ್ಕೆ ಬುಕಿಂಗ್ ರಿಜಿಸ್ಟರ್ ಹಾಜರುಪಡಿಸುವಂತೆ ಆಯೋಗವನ್ನು ಕೋರಬಹುದು.

ದೂರನ್ನು ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು, 2 ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಬೇರೆ ಹಾಲ್‌ಗೆ ಹೆಚ್ಚಾಗಿ ತೆತ್ತ ಹಣ, ಕಾರ್ಡ್ ಮರುಮುದ್ರಣದ ಖರ್ಚು, ಮಾನಸಿಕ ಯಾತನೆಗೆ ಪರಿಹಾರ, ದೂರಿನ ಖರ್ಚು ಎಲ್ಲವನ್ನೂ ರಸೀದಿ ಸಮೇತ ಕೇಳಿ.

ಹಾಲ್ ಯಾರದ್ದು ಎಂಬುದನ್ನೂ ತಿಳಿದುಕೊಳ್ಳಿ. ಒಂದು ಸಮುದಾಯ ತನ್ನ ದುಡ್ಡಿನಲ್ಲಿ ಕಟ್ಟಿ ತನ್ನ ಸದಸ್ಯರಿಗಷ್ಟೇ ಕೊಡುತ್ತಿದ್ದರೆ ನಿಮ್ಮ ವಾದ ದುರ್ಬಲ. ಬೋರ್ಡ್ ಹಾಕಿ ಊರವರಿಗೆಲ್ಲ ಬಾಡಿಗೆಗೆ ಕೊಡುವಂಥದ್ದಾದರೆ ಗಟ್ಟಿ. ಸರ್ಕಾರದ ಅನುದಾನ ಬಿದ್ದಿರುವ ಸಮುದಾಯ ಭವನವಾದರೆ ಇನ್ನೂ ಗಟ್ಟಿ, ಏಕೆಂದರೆ ಸರ್ಕಾರಿ ಹಣದಿಂದ ಭಾಗಶಃ ನಡೆಯುವ ಸಾರ್ವಜನಿಕ ತಾಣಗಳ ಬಗ್ಗೆಯೂ ವಿಧಿ 15(2) ಹೇಳುತ್ತದೆ. ಅನುದಾನದ ಮಾಹಿತಿಗೆ ₹10ರ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಅರ್ಜಿ ಹಾಕಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಉತ್ತರಕ್ಕೆ 30 ದಿನ. ಅನುದಾನ ಬಂದಿರುವುದು ಖಚಿತವಾದರೆ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿಗೂ ಆಧಾರ ಸಿಕ್ಕಂತೆ.

ಠಾಣೆಗೆ ಹೋಗಬೇಕಾದ ಸಂದರ್ಭ ಬೇರೆ ಇದೆ. ನಿಮ್ಮ ಧರ್ಮ ಹಿಡಿದು ಬೈದಿದ್ದರೆ ಅಥವಾ ‘ಇಂಥವರ ಜೊತೆ ವ್ಯಾಪಾರ ಬೇಡ’ ಎಂದು ಫಲಕ ಹಾಕಿ ದ್ವೇಷ ಬಿತ್ತುತ್ತಿದ್ದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಬರಬಹುದು. ಅದಕ್ಕೆ 3 ವರ್ಷದವರೆಗೆ ಶಿಕ್ಷೆ ಇದೆ.

ಪ್ರಶ್ನೆ: ಅಮೆರಿಕದಲ್ಲಿ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆ ತೋರಿಸಿ ಗಿರಾಕಿಯನ್ನು ವಾಪಸ್ ಕಳಿಸಬಹುದು ಎಂದು ಓದಿದೆ. ಧಾರ್ಮಿಕ ಸ್ವಾತಂತ್ರ್ಯ ಕೊಡುವ ಸಂವಿಧಾನದ ವಿಧಿ 25 ಇಟ್ಟುಕೊಂಡು ಇಲ್ಲಿಯೂ ಹಾಗೆ ವಾದಿಸಬಹುದೇ? (ಕಾನೂನು ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಅಲ್ಲಿಯೂ ಅಷ್ಟು ಸಲೀಸಲ್ಲ. 1964ರ ಅಲ್ಲಿನ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲ್, ಚಿತ್ರಮಂದಿರಗಳಲ್ಲಿ ಜನಾಂಗ, ಧರ್ಮದ ತಾರತಮ್ಯವನ್ನು ನಿಷೇಧಿಸಿದೆ. ಕರಿಯರಿಗೆ ಊಟ ಬಡಿಸುವುದು ತನ್ನ ಧರ್ಮಕ್ಕೆ ವಿರುದ್ಧ ಎಂದು ಪಿಗ್ಗಿ ಪಾರ್ಕ್ ಎಂಬ ಹೋಟೆಲಿನ ಮಾಲೀಕ ವಾದಿಸಿದಾಗ, 1968ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹುರುಳಿಲ್ಲದ ವಾದವೆಂದು ತಳ್ಳಿಹಾಕಿತು. 1993ರ ಧಾರ್ಮಿಕ ಸ್ವಾತಂತ್ರ್ಯ ಪುನಃಸ್ಥಾಪನಾ ಕಾಯ್ದೆ ಬಂದದ್ದು ಸರ್ಕಾರ ನಂಬಿಕೆಗೆ ಅಡ್ಡ ಬರದಿರಲಿ ಎಂದು. ಇಂಡಿಯಾನಾ ರಾಜ್ಯ 2015ರಲ್ಲಿ ಇಂಥದ್ದೇ ಕಾಯ್ದೆ ಮಾಡಿ, ಜನರ ಪ್ರತಿಭಟನೆಯ ನಂತರ ಸೇವೆ ನಿರಾಕರಿಸಲು ಇದನ್ನು ಬಳಸುವಂತಿಲ್ಲ ಎಂದು ಕೆಲವೇ ದಿನಗಳಲ್ಲಿ ತಿದ್ದಿತು. ಸಲಿಂಗ ಜೋಡಿಯ ಮದುವೆಗೆ ಕೇಕ್ ಮಾಡಿಕೊಡದ ಕೊಲರಾಡೊ ಬೇಕರಿಯವರು 2018ರಲ್ಲಿ ಗೆದ್ದದ್ದು ನಿಜ. ಆದರೆ ಗೆದ್ದ ಕಾರಣ, ಅಲ್ಲಿನ ಆಯೋಗ ವಿಚಾರಣೆಯಲ್ಲಿ ಅವರ ನಂಬಿಕೆಯ ಬಗ್ಗೆ ಹಗೆತನ ತೋರಿತ್ತು ಎಂಬುದು. ಸಲಿಂಗ ಜೋಡಿಯ ಮದುವೆಗೆ ವೆಬ್‌ಸೈಟ್ ಮಾಡಿಕೊಡಲು ಒಪ್ಪದ ವಿನ್ಯಾಸಕಿಯ ಪರವಾಗಿ 2023ರಲ್ಲಿ ಬಂದ ತೀರ್ಪು ನಿಂತಿರುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲೆ.

ನಮ್ಮಲ್ಲಿ ಆ ಬಾಗಿಲು ಇನ್ನೂ ಕಿರಿದು. ವಿಧಿ 25ರ ಮೊದಲ ಸಾಲೇ ಅದನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೂ ಮೂಲಭೂತ ಹಕ್ಕುಗಳ ಭಾಗದ ಉಳಿದ ವಿಧಿಗಳಿಗೂ ಅಧೀನವಾಗಿಸಿದೆ. 15(2) ಮತ್ತು ಅಸ್ಪೃಶ್ಯತೆಯನ್ನು ನಿಷೇಧಿಸುವ 17 ಇರುವುದು ಅದೇ ಭಾಗದಲ್ಲಿ. ಹಾಗಾಗಿ ನಂಬಿಕೆಯನ್ನು ಗಲ್ಲಾದ ಮೇಲಿಟ್ಟು ಗಿರಾಕಿಯನ್ನು ತಡೆಯುವ ವಾದಕ್ಕೆ ಇಲ್ಲಿ ನೆಲೆಯಿಲ್ಲ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯನ್ನು ಇದಕ್ಕೆ ತಳುಕು ಹಾಕಬೇಡಿ. ಅದರ ವಿಷಯ ಮತಾಂತರ, ವ್ಯಾಪಾರವಲ್ಲ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಹೋಟೆಲ್, ಪಕ್ಕದಲ್ಲೇ ಬೇಕರಿ. ‘ಹೊರಗಿನ ಮಾಂಸಾಹಾರ ತರಬೇಡಿ’ ಎಂದು ಬೋರ್ಡ್ ಹಾಕಬಹುದಾ? ಕೇಕ್ ಮೇಲೆ ಬೇರೆ ಧರ್ಮವನ್ನು ಹೀಯಾಳಿಸುವ ಬರಹ ಕೇಳಿದರೆ ಬೇಡ ಅನ್ನಬಹುದಾ? (ಹರಿಹರ)

ಉತ್ತರ: ಎರಡೂ ಆಗಬಹುದು, ನಿಯಮ ಎಲ್ಲರಿಗೂ ಒಂದೇ ಆಗಿರಬೇಕು ಅಷ್ಟೇ. ಏನನ್ನು ಮಾರಬೇಕು ಎಂಬುದು ನಿಮ್ಮ ಆಯ್ಕೆ, ಯಾರಿಗೆ ಮಾರಬೇಕು ಎಂದು ಜಾತಿ, ಧರ್ಮ ನೋಡಿ ಆರಿಸುವಂತಿಲ್ಲ. ಆ ಬರಹವನ್ನು ಯಾರು ಕೇಳಿದರೂ ಬೇಡ ಅನ್ನಿ, ಅದೇ ಗಿರಾಕಿಗೆ ಸಾದಾ ಕೇಕ್ ಮಾತ್ರ ಕೊಡಲೇಬೇಕು. ಬೋರ್ಡ್‌ನಲ್ಲಿ ಆಹಾರದ ಹೆಸರಿರಲಿ, ಜನರ ಹೆಸರು ಬೇಡ. ಉತ್ತರ ಪ್ರದೇಶ, ಉತ್ತರಾಖಂಡಗಳಲ್ಲಿ ಶಿವಭಕ್ತರ ಕಾವಡ್ ಯಾತ್ರೆಯ ದಾರಿಯ ಹೋಟೆಲಿನವರು ಮಾಲೀಕರ, ಕೆಲಸದವರ ಹೆಸರು ಬರೆದುಹಾಕಬೇಕೆಂಬ ಆದೇಶವನ್ನು 2024ರ ಜುಲೈ 22ರಂದು ಸುಪ್ರೀಂ ಕೋರ್ಟ್ ತಡೆದಾಗಲೂ ಹೇಳಿದ್ದು ಇದನ್ನೇ: ಯಾವ ಬಗೆಯ ಊಟ ಎಂದು ತೋರಿಸಿದರೆ ಸಾಕು.

ನೀವು ಕೇಳದ ಒಂದನ್ನು ಸೇರಿಸುತ್ತೇವೆ. ಟೀ ಕೊಡುವ ಹುಡುಗರ ಮೇಲೆ ಕಣ್ಣಿಡಿ. ಎಲ್ಲರಿಗೂ ಪೇಪರ್ ಕಪ್ ಕೊಟ್ಟರೆ ತಕರಾರಿಲ್ಲ. ಒಂದೇ ಬೆಂಚಿನ ಮೇಲೆ ಒಬ್ಬರಿಗೆ ಸ್ಟೀಲ್ ಲೋಟ, ಕೇರಿಯಿಂದ ಬಂದವರಿಗೆ ಪೇಪರ್ ಕಪ್ ಆದರೆ ಅದು 1955ರ ಕಾಯ್ದೆಯ 4ನೇ ಕಲಂ ಪ್ರಕಾರ ಅಪರಾಧ. ಊಟ, ತಿಂಡಿಯನ್ನೇ ಕೊಡದೆ 6ನೇ ಕಲಂನಡಿ ಶಿಕ್ಷೆಯಾದರೆ 8ನೇ ಕಲಂ ಪ್ರಕಾರ ನಿಮ್ಮ ಟ್ರೇಡ್ ಲೈಸೆನ್ಸನ್ನೇ ರದ್ದು ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ.