ಮ್ಯಾಕ್‌ಬೆತ್: ಕೊಲೆಯ ಯೋಚನೆ ಮೊದಲು ಯಾರದು?

ಶೇಕ್ಸ್‌ಪಿಯರ್‌ನ ಈ ನಾಟಕದಲ್ಲಿ ಸೇನಾನಿ ಮ್ಯಾಕ್‌ಬೆತ್ ತನ್ನ ಅರಸ ಡಂಕನ್‌ನನ್ನು ಕೊಲ್ಲುತ್ತಾನೆ. ಆ ಕೊಲೆಗೆ ಹೊಣೆ ಭವಿಷ್ಯ ನುಡಿದ ಮಾಟಗಾತಿಯರೋ ಅವನ ಹೆಂಡತಿಯೋ ಎಂಬ ನಿಮ್ಮ ಗೊಂದಲಕ್ಕೆ ಬಹುಶಃ ಕಾರಣ, ಕಥೆಯ ಓಟದಲ್ಲಿ ಮ್ಯಾಕ್‌ಬೆತ್‌ನ ಸ್ವಗತಗಳನ್ನು ದಾಟಿ ಹೋಗಿರುವುದು. ನಾಟಕದ ಜೀವವಿರುವುದೇ ಅಲ್ಲಿ.

ಮೊದಲು ಒಂದನೆಯ ಅಂಕದ ಮೂರನೆಯ ದೃಶ್ಯಕ್ಕೆ ಮರಳಿ. ಮಾಟಗಾತಿಯರು ‘ಮುಂದೆ ರಾಜನಾಗುವೆ’ ಎನ್ನುತ್ತಾರೆಯೇ ಹೊರತು ‘ಕೊಲ್ಲು’ ಎನ್ನುವುದಿಲ್ಲ. ಕೊಲೆ ಎಂಬ ಪದವನ್ನು ಅಲ್ಲಿ ತನಗೆ ತಾನೇ ಹೇಳಿಕೊಳ್ಳುವವನು ಮ್ಯಾಕ್‌ಬೆತ್. ಪಕ್ಕದಲ್ಲಿದ್ದ ಜೊತೆ ಸೇನಾನಿ ಬ್ಯಾಂಕೋ ತನ್ನ ವಂಶ ರಾಜ್ಯವಾಳುವುದೆಂಬ ಭವಿಷ್ಯ ಕೇಳಿಯೂ ಕತ್ತಿ ಎತ್ತುವುದಿಲ್ಲ.

ಆಮೇಲೆ ಅದೇ ಅಂಕದ ಏಳನೆಯ ದೃಶ್ಯವನ್ನು ಗಟ್ಟಿಯಾಗಿ, ನಿಧಾನವಾಗಿ ಓದಿ. ಡಂಕನ್ ತನ್ನ ಬಂಧು, ಅರಸ, ಅತಿಥಿ. ಕೊಲ್ಲಲು ಮಹತ್ವಾಕಾಂಕ್ಷೆಯ ಹೊರತು ಬೇರೆ ಕಾರಣವಿಲ್ಲ ಎಂದು ಮ್ಯಾಕ್‌ಬೆತ್‌ನೇ ಒಪ್ಪಿಕೊಳ್ಳುತ್ತಾನೆ. ತಪ್ಪೆಂದು ಪೂರ್ತಿ ತಿಳಿದೂ ಮುಂದುವರಿಯುತ್ತಾನಲ್ಲ, ನನ್ನ ಎದೆ ನಡುಗುವುದು ಅದಕ್ಕೇ. ಹೆಂಡತಿ ಅವನ ಗಂಡಸುತನವನ್ನು ಹಂಗಿಸಿ ಹಿಂಜರಿಕೆಯನ್ನು ಮುರಿಯುತ್ತಾಳೆ, ನಿಜ. ಆದರೆ ಈ ಮಾತನ್ನು ಮೊದಲು ಎತ್ತಿದವನು ನೀನೇ ಎಂದೂ ಅವಳು ನೆನಪಿಸುತ್ತಾಳೆ. ಎತ್ತಿದ್ದು ಯಾವಾಗ? ನಾಟಕ ತೋರಿಸುವುದಿಲ್ಲ, ಭವಿಷ್ಯವಾಣಿಗೂ ಮೊದಲೇ ಇರಬಹುದು ಎಂಬುದು ನನ್ನ ಊಹೆ ಮಾತ್ರ.

ಕೊನೆಗೆ ಮೂರನೆಯ ಅಂಕದ ಎರಡನೆಯ ದೃಶ್ಯ. ಬ್ಯಾಂಕೋನ ಕೊಲೆಯ ಏರ್ಪಾಡನ್ನು ಅವನು ಹೆಂಡತಿಗೂ ಹೇಳುವುದಿಲ್ಲ. ಪ್ರಚೋದನೆಗೆ ಈಗ ಯಾರೂ ಬೇಕಾಗಿಲ್ಲ. ಈ ಮೂರೂ ದೃಶ್ಯಗಳನ್ನು ಒಂದೇ ಸಂಜೆ ಓದಿ, ನಂತರ ಐದನೆಯ ಅಂಕದಲ್ಲಿ ಅವಳು ನಿದ್ದೆಯಲ್ಲಿ ಕೈ ಉಜ್ಜಿಕೊಳ್ಳುವ ದೃಶ್ಯಕ್ಕೆ ಹೋಗಿ.