ಪ್ರತಿಕ್ರಿಯೆ: ಲಕ್ಸ್‌ಮನ್ 590 ಅಥವಾ 509, ಯಾವುದು?

ನಮಸ್ಕಾರ ಸರ್. ಲಕ್ಸ್‌ಮನ್ ಕಂಪನಿಯ ಈ ಎರಡು ಆಂಪ್ಲಿಫೈಯರ್‌ಗಳಲ್ಲಿ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಕುವೆಂಪುನಗರದ ಮನೆ, ಚಿಕ್ಕ ಹಾಲ್, 86 ಡೆಸಿಬೆಲ್ ಸ್ಪೀಕರ್ (ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ ಅದು ಕೊಡೋ ಸದ್ದು), ರಾತ್ರಿ ಹೊತ್ತು ವೀಣೆ ಕೇಳೋದು ಜಾಸ್ತಿ ಅಂದಿದ್ದೀರಿ. ನಾನಾಗಿದ್ದರೆ ಎಲ್-590ಎಎಕ್ಸ್2 ತಗೊಳ್ತಿದ್ದೆ.

8 ಓಮ್ ಸ್ಪೀಕರ್‌ಗೆ ಅದು ಕೊಡೋದು 30 ವಾಟ್, ಎಲ್-509ಎಕ್ಸ್ 120 ವಾಟ್. ನಾಲ್ಕು ಪಟ್ಟು ಅಂತ ಹೆದರಬೇಡಿ. ನಾಲ್ಕು ಪಟ್ಟು ವಾಟ್‌ಗೆ ಸಿಗೋದು 6 ಡೆಸಿಬೆಲ್ ಅಷ್ಟೆ. ನಿಮ್ಮ ಹಾಲ್‌ನಲ್ಲಿ ಮೆಲ್ಲಗೆ ಕೇಳುವಾಗ ಬಹುಪಾಲು ಹೊತ್ತು ಸ್ಪೀಕರ್‌ಗೆ ಒಂದೆರಡು ವಾಟ್ ಕೂಡ ಹೋಗಲ್ಲ. ವೀಣೆಯ ತಂತಿ ಮೀಟಿದ ಮೇಲೆ ಗಮಕ ಎಳೆಯುತ್ತಾ ನಾದ ಸಣ್ಣಗಾಗುತ್ತೆ ಅಲ್ವಾ, ಆ ಕೊನೆಯ ಎಳೆ 590ರಲ್ಲಿ ತುಂಬಾ ಚೆನ್ನಾಗಿ ಉಳಿಯುತ್ತೆ ಅನ್ನೋದು ನನ್ನ ಅಭಿಪ್ರಾಯ. ತನಿ ಆವರ್ತನವನ್ನು (ಕಛೇರಿಯಲ್ಲಿ ಮೃದಂಗದಂಥ ತಾಳವಾದ್ಯಗಳ ಸರದಿ) ಜೋರಾಗಿ ಕೇಳೋ ಅಭ್ಯಾಸ ಇದ್ದರೆ ಮಾತ್ರ 509.

ಒಂದು ವಿಷಯ ಗಮನದಲ್ಲಿರಲಿ. 590 ಕ್ಲಾಸ್ ಎ, ಅಂದರೆ ಹಾಡು ನಿಂತಿದ್ದರೂ ಕರೆಂಟ್ ಎಳೀತಾನೇ ಇರುತ್ತೆ, ಚೆನ್ನಾಗಿ ಬಿಸಿಯಾಗುತ್ತೆ. ಮೈಸೂರಿನ ಏಪ್ರಿಲ್ ಸೆಕೆಯಲ್ಲಿ ಅದನ್ನು ಶೋಕೇಸ್ ಒಳಗೆ ಇಡಲೇಬೇಡಿ. ಮೇಲೆ ಧಾರಾಳ ಜಾಗ ಬಿಡಿ. 509 ಕ್ಲಾಸ್ ಎಬಿ, ಅಂದರೆ ಹಾಡು ನಿಂತಾಗ ಕಡಿಮೆ ಕರೆಂಟ್ ಎಳೆಯೋ ಬಗೆ, ಇಷ್ಟು ಕಾಯಲ್ಲ.

ಸೆಕೆಂಡ್ ಹ್ಯಾಂಡ್ ನೋಡ್ತಿದ್ದರೆ ಹಿಂದಿನ ಪ್ಲೇಟ್ ಓದಿ. ಜಪಾನಿನಲ್ಲಿ ಮಾರೋ ಮಾಡೆಲ್ 100 ವೋಲ್ಟ್, ನಮ್ಮದು 230. ಕಡಿಮೆ ಬೆಲೆ ಅಂತ ಸುಮ್ನೆ ಬೀಳಬೇಡಿ.

ಹೋಲಿಸಿ ಕೇಳುವಾಗ ಎರಡರ ಸದ್ದೂ ಒಂದೇ ಮಟ್ಟಕ್ಕೆ ಇರಲಿ. ಸ್ವಲ್ಪ ಜೋರಿರೋದೇ ಚೆನ್ನಾಗಿದೆ ಅಂತ ಕಿವಿಗೆ ಅನ್ನಿಸಿಬಿಡುತ್ತೆ. ಸಾಧ್ಯವಾದರೆ ನಿಮ್ಮ ಸ್ಪೀಕರನ್ನೇ ಅಂಗಡಿಗೆ ಒಯ್ಯಿರಿ.