ಮಾಸ್ಟ್ರಿಗೊಂದು ಪ್ರಶ್ನೆ: ಯಾವ ಹೆಸರಿಗೆ ಓಗೊಡಲಿ?

ಪ್ರಶ್ನೆ: ಮಾಸ್ಟ್ರೇ, ನನಗೆ 26 ವರ್ಷ. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ, ಕೆಲಸ ಅಂಧೇರಿಯಲ್ಲಿ. ಮನೆಯಲ್ಲಿ ನಮ್ಮದು ಕುಂದಾಪುರದ ಕನ್ನಡ. ಬಿಲ್ಡಿಂಗಿನಲ್ಲಿ ಮರಾಠಿ, ಆಫೀಸಿನಲ್ಲಿ ಹಿಂದಿ, ಇಂಗ್ಲಿಷ್. ಹೋದ ತಿಂಗಳು ಆಫೀಸಿನ ಇಬ್ಬರು ಗೆಳತಿಯರು ಊಟಕ್ಕೆ ಬಂದಿದ್ದರು. ನಾನು ಅಮ್ಮನ ಹತ್ತಿರ ಜಗಳ ಆಡುತ್ತಲೇ ಮೀನು ಬಡಿಸಿದೆ. ಹೊರಡುವಾಗ ಒಬ್ಬಳು, "ತೂ ತೋ ಘರ್ ಪೇ ಕೋಯೀ ಔರ್ ಹೀ ಹೈ" ಎಂದು ನಕ್ಕಳು. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಆಫೀಸಿನಲ್ಲಿ ನಾನು ಮೆತ್ತಗೆ ಮಾತಾಡುವವಳು. ಮನೆಯಲ್ಲಿ ಬಾಯಿ ಜೋರು. ಲೋಕಲ್ ಟ್ರೈನಿನ ಲೇಡೀಸ್ ಡಬ್ಬಾದಲ್ಲಿ ಮತ್ತೊಂದು ಥರ. ಊರಿಗೆ ಹೋದರೆ "ಬೊಂಬಾಯಿ ಹುಡುಗಿ" ಅಂತಾರೆ, ಇಲ್ಲಿ "ಸೌತ್ ಇಂಡಿಯನ್". ಇದರಲ್ಲಿ ನಿಜವಾದ ನಾನು ಯಾವುದು? ಉಳಿದದ್ದೆಲ್ಲ ನಾಟಕವಾ?
(ಹೆಸರು ಬೇಡ, ಡೊಂಬಿವಲಿ)

ಉತ್ತರ: ಮಗಳೇ, ನಿನ್ನ ಪತ್ರ ಓದುವಾಗ ನನಗೆ ಒಂದು ಹಾಜರಿ ಪುಸ್ತಕ ನೆನಪಾಯಿತು. ಅದನ್ನು ಮೊದಲು ಹೇಳುತ್ತೇನೆ.

1972ರಲ್ಲಿ ಕಾರ್ಕಳದ ಕಡೆಯಿಂದ ಬೊಂಬಾಯಿಗೆ ಬಂದಾಗ ನನಗೆ ಹದಿಮೂರು. ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಗಲ್ಲಾದಲ್ಲಿ ಕೂತಿದ್ದ ಧಣಿ ಹೆಸರು ಕೇಳಿದರು, ಹೇಳಿದೆ. ಅದೇ ಹೆಸರಿನವರು ಅಲ್ಲಿ ಆಗಲೇ ಇಬ್ಬರಿದ್ದರು. "ನೀನು ರಾಜು" ಎಂದರು. ಮುಗಿಯಿತು ನಾಮಕರಣ. ತೊಟ್ಟಿಲೂ ಇಲ್ಲ, ಪಾಯಸವೂ ಇಲ್ಲ. ಧಣಿಗೆ ನಾನು ರಾಜು, ಅಡುಗೆ ಭಟ್ಟರಿಗೆ ಮಾಣಿ, ಗಿರಾಕಿಗಳಿಗೆ "ಏ ಛೋಟು". ನನ್ನ ಹೆಸರು ಉಳಿದದ್ದು ಅಪ್ಪ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರದ ಮೇಲೆ ಮಾತ್ರ.

ಆಗ ಫೋರ್ಟಿನಲ್ಲಿ ಹೋಟೆಲ್ ಹುಡುಗರಿಗಾಗಿಯೇ ಕನ್ನಡದ ರಾತ್ರಿ ಶಾಲೆಗಳಿದ್ದವು. ಮರುವರ್ಷ ಜೂನ್‌ನಲ್ಲಿ ಧಣಿಯೇ ನನ್ನನ್ನು ಸೇರಿಸಿದರು. ಮೊದಲ ರಾತ್ರಿ ಮಾಸ್ಟ್ರು ಹಾಜರಿ ತೆಗೆದುಕೊಂಡರು. ಅಪ್ಪನ ಹೆಸರು ಸೇರಿಸಿ, ಪೂರ್ತಿ ಹೆಸರಿನಲ್ಲಿ ಕರೆಯುವುದು. ಒಂದು ಹೆಸರನ್ನು ಎರಡು ಸಲ ಕರೆದರು, ಮೂರು ಸಲ ಕರೆದರು. ಯಾರೂ ಓಗೊಡಲಿಲ್ಲ. ಯಾರಪ್ಪಾ ಬಾರದವನು ಅಂತ ನಾನೂ ಹಿಂದೆ ತಿರುಗಿ ನೋಡಿದೆ. ಪಕ್ಕದವನು ಮೊಣಕೈಯಿಂದ ತಿವಿದಾಗ ಗೊತ್ತಾಯಿತು, ಅದು ನಾನೇ! "ಹಾಜರ್ ಸಾರ್" ಅನ್ನುವಷ್ಟರಲ್ಲಿ ಗಂಟಲು ಕಟ್ಟಿತ್ತು.

ಹಾಗಾದರೆ ಶಾಲೆಯ ಹುಡುಗ ನಿಜ, ರಾಜು ಸುಳ್ಳಾ? ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ. ಈಗ ಇಲ್ಲ. ರಾಜು ಒಂದೇ ಕೈಯಲ್ಲಿ ಆರು ಗ್ಲಾಸು ಹಿಡಿಯುತ್ತಿದ್ದ, ಯಾವ ಸೇಠ್‌ಗೂ ಹೆದರುತ್ತಿರಲಿಲ್ಲ. ಶಾಲೆಯ ಹುಡುಗ ಮಹಾ ಪುಕ್ಕಲ. ಮುಂದೆ ನಾನು ಅದೇ ರಾತ್ರಿ ಶಾಲೆಯಲ್ಲಿ ಪಾಠ ಮಾಡಲು ನಿಂತೆ. ದಿನವಿಡೀ ದುಡಿದು ತೂಕಡಿಸುವ ನಲವತ್ತು ಹುಡುಗರನ್ನು ಎಚ್ಚರವಾಗಿ ಇಟ್ಟದ್ದು ಆ ಪುಕ್ಕಲನಲ್ಲ, ರಾಜು.

ಅಮೆರಿಕದ ಮನಶ್ಶಾಸ್ತ್ರದ ಪ್ರೊಫೆಸರ್ ವಿಲಿಯಂ ಜೇಮ್ಸ್ 1890ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಒಬ್ಬನನ್ನು ಎಷ್ಟು ಜನ ಗುರುತಿಸಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೋ ಅಷ್ಟು "ನಾನು"ಗಳು ಅವನಿಗೆ ಇರುತ್ತವೆ ಅನ್ನುತ್ತಾನೆ. ಅಪ್ಪ ಅಮ್ಮನ ಮುಂದೆ ತೆಪ್ಪಗಿರುವ ಹುಡುಗ ಗೆಳೆಯರ ಜೊತೆ ಬೈಗುಳ ಬಿಡುವುದನ್ನೂ ಅವನೇ ಉದಾಹರಣೆ ಕೊಟ್ಟಿದ್ದಾನೆ. ನಿನ್ನ ಲೆಕ್ಕ ಬರೀ ನಾಲ್ಕಕ್ಕೆ ನಿಂತಿದೆ, ಗಾಬರಿ ಯಾಕೆ?

ಇನ್ನು ನಿದ್ದೆಯ ವಿಷಯ. ಚಾರ್ಲ್ಸ್ ಕೂಲಿ ಅಂತ ಇನ್ನೊಬ್ಬ ಪ್ರೊಫೆಸರ್ 1902ರಲ್ಲಿ ಒಂದು ಮಾತು ಹೇಳಿದ. ಬೇರೆಯವರೇ ನಮಗೆ ಕನ್ನಡಿ. ಅವರ ಕಣ್ಣಿಗೆ ನಾನು ಹೇಗೆ ಕಾಣುತ್ತೇನೆ ಅಂತ ಊಹಿಸುತ್ತೇವೆ. ನೋಡಿ ಅವರು ಏನಂದುಕೊಂಡರು ಅಂತ ಊಹಿಸುತ್ತೇವೆ. ಆಮೇಲೆ ಹೆಮ್ಮೆ ಪಡುತ್ತೇವೆ, ಇಲ್ಲವೇ ನಾಚಿ ಕುಗ್ಗುತ್ತೇವೆ. ಗಮನಿಸಿದೆಯಾ? ಎರಡು ಸಲವೂ ಊಹೆಯೇ. ಆ ಹುಡುಗಿ ಹೇಳಿದ್ದು "ಮನೆಯಲ್ಲಿ ನೀನು ಬೇರೆಯೇ" ಅಂತ. ನಿನಗೆ ಕೇಳಿಸಿದ್ದು "ಆಫೀಸಿನಲ್ಲಿ ನೀನು ನಾಟಕ" ಅಂತ. ಮಧ್ಯದ ದಾರಿ ಪೂರ್ತಿ ನೀನೊಬ್ಬಳೇ ನಡೆದದ್ದು. ಅಮ್ಮನ ಹತ್ತಿರ ಜಗಳ ಆಡುವ ನೀನು ಅವಳಿಗೆ ಜಾಸ್ತಿ ಇಷ್ಟ ಆಗಿರಲಿಕ್ಕೂ ಸಾಕು. ಒಮ್ಮೆ ಕೇಳಿಬಿಡು.

ನಾಟಕ ಅಂದೆಯಲ್ಲ, ಅದಕ್ಕೂ ಒಬ್ಬ ಪಂಡಿತ ಇದ್ದಾನೆ. ಎರ್ವಿಂಗ್ ಗೋಫ್‌ಮನ್, ಕೆನಡಾದ ಸಮಾಜಶಾಸ್ತ್ರಜ್ಞ. 1949ರಿಂದ 51ರವರೆಗೆ ಸ್ಕಾಟ್‌ಲ್ಯಾಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪದಲ್ಲಿದ್ದು ಅಲ್ಲಿಯ ಜನರನ್ನು ಗಮನಿಸಿದ. ಅವರಲ್ಲಿ ಹೋಟೆಲಿನವರೂ ಇದ್ದರು! ಅಡುಗೆಮನೆಯ ಬಾಗಿಲು ಮುಚ್ಚಿರಬೇಕು ಅಂತ ಯಜಮಾನರು, ತಟ್ಟೆ ಹೊತ್ತು ಓಡಾಡಲು ತೆರೆದೇ ಇರಲಿ ಅಂತ ಬಡಿಸುವ ಹುಡುಗಿಯರು. ಇದನ್ನು ಓದಿದಾಗ ನನಗೆ ಜೋರು ನಗು ಬಂತು. ನಮ್ಮಲ್ಲೂ ಅದೇ ರಂಪ. ಬಾಗಿಲಿನ ಹೊರಗೆ "ಬೋಲಿಯೇ ಸಾಬ್", ಒಳಗೆ ಕಾಲಿಟ್ಟರೆ ತುಳುವಿನಲ್ಲಿ ಅದೇ ಸಾಹೇಬರ ಜಾತಕ. ಬದುಕೆಲ್ಲ ಯಕ್ಷಗಾನದ ರಂಗಸ್ಥಳ ಮತ್ತು ಅದರ ಹಿಂದೆ ವೇಷ ಕಟ್ಟುವ ಚೌಕಿ ಅನ್ನುವ ಹಾಗೆ ಬರೆದ ಗೋಫ್‌ಮನ್. ನನ್ನ ಪ್ರಕಾರ ಇದು ಅರ್ಧ ಸರಿ. ಒಳಗಿನದೇ ನಿಜ ಅಂತ ಮಾತ್ರ ತಿಳಿಯಬೇಡ. ನಮ್ಮ ಭಟ್ಟರು ಅಡುಗೆಮನೆಯಲ್ಲೂ ಸುಮ್ನೆ ಇರುತ್ತಿರಲಿಲ್ಲ, ಗ್ಲಾಸು ತೊಳೆಯುವ ಹುಡುಗರ ಮುಂದೆ ದೊಡ್ಡ ದರ್ಬಾರು. ಚೌಕಿಯಲ್ಲೂ ವೇಷ ಇರುತ್ತದೆ.

ನಾನು ನಿಜವಾಗಿ ನಾಟಕ ಆಡಿದ್ದು ಒಂದೇ ಸಲ. 1979, ಬೆಳಗಿನ ಕಾಲೇಜು. ಅಪ್ಪನದು ಹೋಟೆಲ್ ವ್ಯಾಪಾರ ಅಂತ ಕ್ಲಾಸಿನಲ್ಲಿ ಬಿಟ್ಟಿದ್ದೆ. ಒಂದು ಸಂಜೆ ಕ್ಲಾಸಿನ ನಾಲ್ವರು ನಮ್ಮ ಹೋಟೆಲಿಗೇ ಬಂದು ಕೂತರು. ನನ್ನ ಕೈಯಲ್ಲಿ ಅವರ ಪಕ್ಕದ ಟೇಬಲ್ಲಿನ ದೋಸೆ! ದೋಸೆ ಸಮೇತ ಒಳಗೆ ಓಡಿದವನು ಅವರು ಹೋಗುವವರೆಗೆ ರುಬ್ಬುವ ಕಲ್ಲಿನ ಹಿಂದೆ ಕೂತಿದ್ದೆ. ಧಣಿಯ ಹತ್ತಿರ ಬೈಗುಳವೂ ಆಯಿತು. ಮರುದಿನ ಒಬ್ಬ ಕೇಳಿದ, "ದೋಸೆ ಹಿಡಿದುಕೊಂಡು ಯಾಕೋ ಓಡಿದೆ?" ಎಲ್ಲರೂ ನೋಡಿದ್ದರು. ಯಾರಿಗೂ ಅದೊಂದು ದೊಡ್ಡ ವಿಷಯವೇ ಆಗಿರಲಿಲ್ಲ. ಒಬ್ಬ ನಾನು ಇನ್ನೊಬ್ಬ ನಾನಿನ ಕಣ್ಣು ತಪ್ಪಿಸಿ ಅಡಗಿಕೊಳ್ಳಬೇಕಾಗಿ ಬಂದರೆ ಅದು ಸುಸ್ತಿನ ಕೆಲಸ. ನೀನೋ ಗೆಳತಿಯರನ್ನು ಮನೆಗೇ ಕರೆದು, ಅವರ ಮುಂದೆಯೇ ಜಗಳ ಆಡಿ ಮೀನು ಬಡಿಸಿದ್ದೀಯಾ. ನಿನ್ನ ಬಾಗಿಲು ತೆರೆದೇ ಇದೆ.

"ಬೊಂಬಾಯಿ ಹುಡುಗಿ", "ಸೌತ್ ಇಂಡಿಯನ್" ಇವೆಲ್ಲ ಬೇರೆ ಥರದ ಹೆಸರುಗಳು. ನಾನು ಇಲ್ಲಿಗೆ ಬಂದಾಗ ಮೈಸೂರು ರಾಜ್ಯದವನು. 1973ರ ನವೆಂಬರ್ 1ಕ್ಕೆ ಕರ್ನಾಟಕದವನಾದೆ. ನಾನೇನೂ ಮಾಡಿರಲಿಲ್ಲ, ಅವತ್ತೂ ಟೇಬಲ್ ಒರೆಸುತ್ತಿದ್ದೆ. 1995ರಲ್ಲಿ ಬೊಂಬಾಯಿಯವನೂ ಹೋಗಿ ಮುಂಬೈಯವನಾದೆ. ನನಗಿಂತ ಮುಂಚೆ ಬಂದವರು, ಅರವತ್ತರ ದಶಕದ ಕೊನೆಯಲ್ಲಿ ದಕ್ಷಿಣದವರನ್ನು ಓಡಿಸಿ ಅಂತ ಇಲ್ಲಿ ಕೇಳಿದ "ಲುಂಗಿ ಹಟಾವ್" ಕೂಗಿನ ಕತೆ ಹೇಳುತ್ತಿದ್ದರು. ತುಳುವರು, ಕನ್ನಡಿಗರು, ತಮಿಳರು, ಮಲಯಾಳಿಗಳು ನಮ್ಮ ನಮ್ಮೊಳಗೆ ಬೇರೆ ಬೇರೆ. ಕೂಗುವವರಿಗೆ ಎಲ್ಲರೂ "ಮದ್ರಾಸಿ". ಅಂಥ ಹೆಸರು ಮೈಗೆ ಅಂಟುತ್ತದೆ, ಸುಳ್ಳು ಹೇಳುವುದಿಲ್ಲ. ಅಲ್ಲಿಯವರೆಗೆ ಒಟ್ಟಿಗೆ ಚಾ ಕುಡಿಯದವರೂ ಆ ಹೆಸರಿನ ದೆಸೆಯಿಂದ ಒಂದೇ ಬೆಂಚಿನಲ್ಲಿ ಕೂತರಂತೆ.

ಕೊನೆಗೊಂದು ವ್ಯಾಕರಣ ಪಾಠ, ಹಳೇ ಚಾಳಿ, ಕ್ಷಮಿಸು. ಷಿಕಾಗೋದಲ್ಲಿ ಜಾರ್ಜ್ ಹರ್ಬರ್ಟ್ ಮೀಡ್ ಅಂತ ಒಬ್ಬ ಮೇಷ್ಟ್ರು. ತನ್ನ ಈ ವಿಚಾರವನ್ನು ಪುಸ್ತಕ ಮಾಡದೆ 1931ರಲ್ಲಿ ತೀರಿಕೊಂಡ. ಶಿಷ್ಯರು ಬರೆದುಕೊಂಡ ಟಿಪ್ಪಣಿಗಳೆಲ್ಲ ಸೇರಿ 1934ರಲ್ಲಿ ಪುಸ್ತಕವಾಯಿತು. (ನನ್ನ ಶಿಷ್ಯರು ಟಿಪ್ಪಣಿ ಇಟ್ಟಿಲ್ಲ, ಅವರು ತೂಕಡಿಸುತ್ತಿದ್ದರು.) ಅವನು ಹೇಳಿದ್ದನ್ನು ನಮ್ಮ ವಿಭಕ್ತಿಯಲ್ಲಿ ಹೇಳಿದರೆ ಸುಲಭ. ಪ್ರಥಮಾ "ನಾನು", ದ್ವಿತೀಯಾ "ನನ್ನನ್ನು". ನಾಲ್ಕು ಜನ ನನ್ನನ್ನು ನೋಡುವ ರೀತಿ ನನ್ನೊಳಗೇ ಬಂದು ಕೂತುಬಿಡುತ್ತದೆ, ಅದು "ನನ್ನನ್ನು". ಅದಕ್ಕೆ ಒಳಗಿನಿಂದ ಥಟ್ಟನೆ ಹೊರಡುವ ಉತ್ತರ "ನಾನು". ಒಂದು ದಿನ ಒಬ್ಬ ಗಿರಾಕಿ ಐದನೇ ಸಲ "ಛೋಟು" ಅಂದಾಗ, "ಮೇರಾ ನಾಮ್ ರಾಜು ಹೈ" ಅಂದುಬಿಟ್ಟೆ. ಎಷ್ಟು ಹೆಮ್ಮೆ! ಆ ರಾಜುವೂ ಧಣಿ ಕೊಟ್ಟದ್ದೇ ಅಂತ ಹೊಳೆದದ್ದು ರಾತ್ರಿ ಚಾಪೆಯ ಮೇಲೆ ಮಲಗಿದಾಗ.

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ಮೂರು ತಿಂಗಳು. "ನನಗೆ ಬೇಕು" ಅನ್ನುವ ಬದಲು "ಪುಟ್ಟಂಗೆ ಬೇಕು" ಅನ್ನುತ್ತಾನೆ. ಎತ್ತಿಕೊಳ್ಳಬೇಕಾದರೆ "ನಿನ್ನ ಎತ್ತಿಕೋ" ಅನ್ನುತ್ತಾನೆ. ಮನೆಯಲ್ಲಿ ಕನ್ನಡ, ಕೆಳಗೆ ಮರಾಠಿ ಹಿಂದಿ, ಅದಕ್ಕೇ ಮಗುವಿನ ತಲೆ ಕೆಟ್ಟಿದೆ ಅಂತ ಅತ್ತೆಯವರು ಹೇಳುತ್ತಾರೆ.
(ಒಬ್ಬ ತಾಯಿ, ವಿರಾರ್)

ಉತ್ತರ: ಅಮ್ಮಾ, ಭಾಷೆಗಳನ್ನು ಬೈಯಬೇಡಿ. ನಿಮ್ಮ ಮಗನ ಕಷ್ಟ ಯೋಚಿಸಿ ನೋಡಿ. ಚೆಂಡನ್ನು ಎಲ್ಲರೂ ಚೆಂಡು ಅಂತಾರೆ, ಸುಲಭ. "ನಾನು" ಹಾಗಲ್ಲ. ನೀವು ಅಂದರೆ ನೀವು, ಅಜ್ಜಿ ಅಂದರೆ ಅಜ್ಜಿ. ಅವನನ್ನು ಮಾತ್ರ ಎಲ್ಲರೂ "ನೀನು" ಅಂತಾರೆ. ಕೇಳಿದ ಹಾಗೆಯೇ ಕಲಿತರೆ ಅವನು ತನ್ನನ್ನು "ನೀನು" ಅಂತಲೇ ಕರೆಯಬೇಕು, ಅಲ್ವಾ? ಮೇಲೆ ಹೇಳಿದ ಕೂಲಿ ತನ್ನ ಪುಟ್ಟ ಮಗಳು ಇದೇ ಪದಗಳನ್ನು ಹೇಗೆ ಬಳಸುತ್ತಾಳೆ ಅಂತ ಬರೆದಿಟ್ಟು 1908ರಲ್ಲಿ ಅಚ್ಚು ಹಾಕಿಸಿದ. ಬೇರೆಯವರ ಜಾಗದಲ್ಲಿ ನಿಂತು ನೋಡಲು ಬಂದ ಮೇಲೆಯೇ "ನಾನು" ಬಾಯಿಗೆ ಬರುವುದು. ದೊಡ್ಡ ಕೆಲಸ ಅದು, ಸಮಯ ಬೇಕು.

ಕನ್ನಡಿಯ ವಿಷಯವೂ ಹಾಗೆಯೇ. ಮಗುವಿಗೆ ಗೊತ್ತಾಗದಂತೆ ಮೂಗಿಗೆ ಚೂರು ಕುಂಕುಮ ಹಚ್ಚಿ ಕನ್ನಡಿಯ ಮುಂದೆ ನಿಲ್ಲಿಸಿ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷದ ಹೊತ್ತಿಗೆ ಮಕ್ಕಳು ಕನ್ನಡಿ ಬಿಟ್ಟು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತಾರೆ. ಗ್ಯಾಲಪ್ ಅನ್ನುವ ಮನಶ್ಶಾಸ್ತ್ರಜ್ಞ 1970ರಲ್ಲಿ ಚಿಂಪಾಂಜಿಗಳಿಗೂ ಹುಬ್ಬಿನ ಮೇಲೆ ಬಣ್ಣ ಹಚ್ಚಿ ನೋಡಿದ. ಅವೂ ಕಂಡುಹಿಡಿದವು. ಮರುವರ್ಷ ಅವನೂ ಜೊತೆಯವರೂ ಪ್ರಕಟಿಸಿದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ. ಬೇರೆ ಚಿಂಪಾಂಜಿಗಳ ಜೊತೆಯಿಲ್ಲದೆ ಒಂಟಿಯಾಗಿ ಬೆಳೆದವುಗಳಿಗೆ ಕನ್ನಡಿಯಲ್ಲಿರುವುದು ತಾವೇ ಅಂತ ತಿಳಿಯಲಿಲ್ಲ.

ಅದಕ್ಕೇ, ಕೆಳಗೆ ಮರಾಠಿ ಮಕ್ಕಳ ಜೊತೆ ಆಡಲು ಬಿಡಿ. ಹೆಸರು ಕರೆದರೂ ತಿರುಗದೆ ಇದ್ದರೆ, ಕಣ್ಣಿಗೆ ಕಣ್ಣು ಕೊಡದೆ ಇದ್ದರೆ ಡಾಕ್ಟರಿಗೆ ತೋರಿಸಿ. "ಪುಟ್ಟಂಗೆ ಬೇಕು" ಅಂದರೆ ಪುಟ್ಟನಿಗೆ ಕೊಡಿ.

ಪ್ರಶ್ನೆ: ನನಗೆ 71. ನಲವತ್ತು ವರ್ಷ ಹೋಟೆಲ್ ನಡೆಸಿ ಈಗ ಮಗನಿಗೆ ಬಿಟ್ಟಿದ್ದೇನೆ. ಅವನು ಅಲ್ಲಿ ಚೈನೀಸ್ ಶುರು ಮಾಡಿದ್ದಾನೆ. ನಾನು ಗಲ್ಲಾದಲ್ಲಿ ಕೂತರೆ ಅವನ ಮುಖ ಗಂಟಾಗುತ್ತದೆ. ಮೊದಲು ರಸ್ತೆಗೆ ಇಳಿದರೆ ಹತ್ತು ಜನ "ಶೆಟ್ರೇ" ಅನ್ನುತ್ತಿದ್ದರು. ಈಗ ಬಿಲ್ಡಿಂಗಿನ ವಾಚ್‌ಮನ್ ಕೂಡ "ಅಂಕಲ್" ಅನ್ನುತ್ತಾನೆ. ನಾನು ಯಾರೂ ಅಲ್ಲ ಅನ್ನಿಸುತ್ತದೆ.
(ಠಾಣೆ)

ಉತ್ತರ: ಶೆಟ್ರೇ, ಮೊದಲು ಗಲ್ಲಾ ಬಿಟ್ಟು ಏಳಿ. ನಿವೃತ್ತನಾದ ವರ್ಷ ನಾನೂ ಎರಡು ಸಲ ಶಾಲೆಗೆ ಹೋಗಿ ಸುಮ್ನೆ ಕೂತೆ. ಹೊಸ ಮಾಸ್ಟ್ರು ಪಾಪ ಚಾ ತರಿಸಿದರು, ಪಾಠ ನಿಲ್ಲಿಸಿದರು. ಮೂರನೇ ಸಲ ಹೋಗಲಿಲ್ಲ. ಕರೆಯುವವರು ಇಲ್ಲದಾಗ ಮನುಷ್ಯ ಒಳಗಿನಿಂದ ಸವೆಯುತ್ತಾನೆ, ನಿಮ್ಮ ನೋವು ಸುಳ್ಳಲ್ಲ. ಆದರೆ ಹಳೇ ಜಾಗದಲ್ಲಿ ಕಾದು ಕೂತರೆ ಯಾರೂ ಕರೆಯುವುದಿಲ್ಲ. ನಿಮ್ಮ ಸಂಘದಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಾಡುವ ಯಕ್ಷಗಾನ, ಇದ್ದರೆ ಹೋಗಿ ಕೂರಿ, ಬಾಯಿ ಇದ್ದರೆ ಒಂದು ಪಾತ್ರದ ಅರ್ಥ ಹೇಳಿ. ಬಿಲ್ಡಿಂಗ್ ಸೊಸೈಟಿಯ ನೀರಿನ ಲೆಕ್ಕ ನೋಡಲು ಯಾರೂ ಮುಂದೆ ಬರುವುದಿಲ್ಲ, ಅದು ನಿಮಗೆ ಎಡಗೈ ಕೆಲಸ. ಎರಡು ತಿಂಗಳಲ್ಲಿ ದಿನಕ್ಕೆ ಹತ್ತು ಜನ ಬಾಗಿಲು ತಟ್ಟುತ್ತಾರೆ, ಒಂದಿಬ್ಬರು ಬೈಯುತ್ತಾರೆ ಕೂಡ. ಬೈಗುಳವೂ ಕರೆದ ಹಾಗೆಯೇ.

ಒಂದು ಮಾತು, ರಾಜು ಕೇಳುತ್ತಿದ್ದಾನೆ ಅಂದುಕೊಳ್ಳಿ. ನಲವತ್ತು ವರ್ಷದಲ್ಲಿ ನಿಮ್ಮ ಹೋಟೆಲಿನಲ್ಲಿ ಎಷ್ಟು ಛೋಟುಗಳು ಇದ್ದರು? ಅವರ ಪೂರ್ತಿ ಹೆಸರು ನೆನಪಿದೆಯಾ? ಬೇಸರ ಮಾಡಿಕೊಳ್ಳಬೇಡಿ, ನನ್ನ ಧಣಿಗೂ ನೆನಪಿರಲಿಲ್ಲ, ಆದರೂ ಶಾಲೆಗೆ ಸೇರಿಸಿದ್ದು ಅವರೇ. ನಾಳೆ ಬೆಳಿಗ್ಗೆ ಹಾಲು ತರಲು ಇಳಿದಾಗ ಆ ವಾಚ್‌ಮನ್ನಿನ ಹೆಸರು ಕೇಳಿ, ಊರು ಕೇಳಿ. ನಿಮ್ಮದನ್ನೂ ಹೇಳಿ. ಅವನು ಮರುದಿನ ಏನಂತ ಕರೆದ ಅನ್ನುವುದನ್ನು ನನಗೆ ಒಂದು ಕಾರ್ಡು ಬರೆಯಿರಿ.